ಕಣ್ಣಳತೆಯಲ್ಲಿ ಕಟ್ಟುವುದು



ಒಂದು ಸುರುಳಿ ಮೆಟ್ಟಿಲಿನಿಂದ ಮಾತು ಶುರುಮಾಡುತ್ತೇನೆ. ಒಟ್ಟು 36 ಮೆಟ್ಟಿಲು. ಕಟ್ಟಬೇಕಾದ ಜಾಗ ಸೆಕೆಂಡ್ ಲೈಫ್, ಲಿಂಡೆನ್ ಲ್ಯಾಬ್ 2003ರಲ್ಲಿ ತೆರೆದ ವರ್ಚುವಲ್ ಜಗತ್ತು. ಅಲ್ಲಿ ಇಟ್ಟಿಗೆ ಎಂದರೆ ಪ್ರಿಮ್: ಪೆಟ್ಟಿಗೆ, ಗೋಳ, ಸಿಲಿಂಡರಿನಂಥ ಮೂಲ ಆಕಾರ. ಒಂದು ಮೆಟ್ಟಿಲನ್ನು ನಕಲು ಮಾಡುತ್ತ, ಪ್ರತಿಯೊಂದಕ್ಕೂ ಎಕ್ಸ್, ವೈ, ಝಡ್ ಸ್ಥಾನ ಕೊಟ್ಟು, ಹಿಂದಿನದಕ್ಕಿಂತ 10 ಡಿಗ್ರಿ ತಿರುಗಿಸಬೇಕು. ತಲಾ ನಾಲ್ಕರಂತೆ 144 ಅಂಕಿ. ಕೈಯಲ್ಲಿ ತುಂಬುವವರು ಇಪ್ಪತ್ತನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಒಂದನ್ನಾದರೂ ತಪ್ಪಿರುತ್ತಾರೆ.

ಆ ಜಗತ್ತಿಗೆ ತನ್ನದೇ ಎಲ್‌ಎಸ್‌ಎಲ್ ಭಾಷೆ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಅದರ ಸ್ಕ್ರಿಪ್ಟು ಯಾವುದಾದರೂ ವಸ್ತುವಿನ ಹೊಟ್ಟೆಯೊಳಗೆ ಕೂತಿರಬೇಕು. ಅದೇ ಹೊಟ್ಟೆಯಲ್ಲಿ ಮೊದಲೇ ಇಟ್ಟದ್ದನ್ನಷ್ಟೇ ಹೊರಗೆ ನಿಲ್ಲಿಸುತ್ತದೆ, ಅದೂ 10 ಮೀಟರಿನೊಳಗೆ. ಅಂಕಿ ತುಂಬುವ ಬಿಲ್ಡ್ ಕಿಟಕಿಯ ಗುಂಡಿಗಳನ್ನು ಅದು ಒತ್ತಲಾರದು.

ಸಿಕುಲಿ ಎಂಬ ಸಾಧನ ಒತ್ತುತ್ತದೆ. 2009ರಲ್ಲಿ ಎಂಐಟಿಯ ಟಾಮ್ ಯೇ, ತ್ಸುಂಗ್-ಶಿಯಾಂಗ್ ಚಾಂಗ್, ರಾಬರ್ಟ್ ಮಿಲ್ಲರ್ ಇದನ್ನು ಪ್ರಕಟಿಸಿದರು. ಮೆಕ್ಸಿಕೋದ ಹುಯಿಚೋಲ್ ಜನರ ನುಡಿಯಲ್ಲಿ ಈ ಹೆಸರಿಗೆ ದೇವರ ಕಣ್ಣು ಎಂದರ್ಥ. ಇಲ್ಲಿ ಪ್ರೋಗ್ರಾಮಿನ ಸಾಲಿನೊಳಗೇ ಚಿತ್ರ ಕೂರುತ್ತದೆ. ಕ್ಲಿಕ್ ಎಂದು ಬರೆದು ಗುಂಡಿಯ ಸ್ಕ್ರೀನ್‌ಶಾಟ್ ಅಂಟಿಸಿದರೆ ಸಾಕು, ಪರದೆಯಲ್ಲಿ ಅಂಥದ್ದನ್ನು ಹುಡುಕಿ ಒತ್ತುತ್ತದೆ. ತದ್ರೂಪವೇ ಆಗಬೇಕಿಲ್ಲ, ಹೋಲಿಕೆ 0.7 ಇದ್ದರೂ ಒಪ್ಪಿಕೊಳ್ಳುತ್ತದೆ. ಉಳಿದ ಸೈನು, ಕೊಸೈನು, ಲೂಪು ಎಲ್ಲ ಪೈಥಾನಿನ ಪಾಲು.

ನಮ್ಮ ಗಾರೆ ಮೇಸ್ತ್ರಿಗೆ ಕಣ್ಣಳತೆ ಎಷ್ಟೇ ಪಕ್ವವಾಗಿರಲಿ, ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಅವನು ಬಿಟ್ಟುಬರುವುದಿಲ್ಲ. ಸಿಕುಲಿಯ ಬಳಿ ಇರುವುದು ಕಣ್ಣಳತೆ ಮಾತ್ರ. ಅದಕ್ಕೆ ಕಾಣುವುದು ಚಪ್ಪಟೆ ಪರದೆ. ಗುಂಡಿಯ ಮುಖ ಬದಲಾಗುವುದಿಲ್ಲ, ಗುರುತು ಸಿಗುತ್ತದೆ. ಮೆಟ್ಟಿಲು ಹಾಗಲ್ಲ, ಕ್ಯಾಮೆರಾ ತುಸು ತಿರುಗಿದರೆ ಅದು ಬೇರೆ ಚಿತ್ರ. ನಾಲ್ಕು ಗಂಟೆಗೊಂದು ದಿನ ಮುಗಿಯುವ ಆ ಜಗತ್ತಿನಲ್ಲಿ ಬಿಸಿಲು ಇಳಿದರೂ ಬೇರೆ ಚಿತ್ರ. ಹಾಗಾಗಿ ನಾನು ಹೇಳುವುದಿಷ್ಟೆ: ಗುಂಡಿ ಹುಡುಕಲು ಕಣ್ಣು, ವಸ್ತು ಕೂರಿಸಲು ಅಂಕಿ. ಮೌಸಿನಿಂದ ಎಳೆದು ಕೂರಿಸುವ ಸ್ಕ್ರಿಪ್ಟನ್ನು ನಾನಂತೂ ನಂಬುವುದಿಲ್ಲ.

ಕಾಯುವುದನ್ನೂ ಸ್ಕ್ರಿಪ್ಟಿಗೆ ಕಲಿಸಬೇಕು. ಸರ್ವರ್ ಹೊಸ ಪ್ರಿಮ್ ತಂದಿಡುವ ಮೊದಲೇ ಸ್ಕ್ರಿಪ್ಟು ಮುಂದೆ ಓಡಿ, ಕರ್ಸರ್ ಚಾಟ್ ಪೆಟ್ಟಿಗೆಯಲ್ಲೇ ಉಳಿದಿದ್ದರೆ, ನಿಮ್ಮ ಅವತಾರ ಮಗ್ಗಿ ಒಪ್ಪಿಸುವ ಹುಡುಗನಂತೆ ಎಲ್ಲರೆದುರು ಅಂಕಿ ಹೇಳುತ್ತ ನಿಲ್ಲುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡಿ.

ಇನ್ನೊಂದು ತೊಡಕು ಭಾಷೆಯದು. ಇಂಗ್ಲಿಷ್ ಲೇಬಲಿನ ಚಿತ್ರ ಹಿಡಿದು ಬರೆದ ಸ್ಕ್ರಿಪ್ಟು ಬೇರೆ ಭಾಷೆಯ ಪರದೆಯೆದುರು ಕುರುಡು. ಅಕ್ಷರವಿಲ್ಲದ ಐಕಾನ್ ಹಿಡಿದು ಬರೆದದ್ದು ಎರಡೂ ಕಡೆ ನಡೆಯುತ್ತದೆ. ರೆಸಲ್ಯೂಶನ್ ಬದಲಾದರಂತೂ ಎರಡೂ ಎಡವಬಹುದು.

ಆದ್ದರಿಂದ ಮಧ್ಯಾಹ್ನದ ಪ್ರಾತ್ಯಕ್ಷಿಕೆಗೆ ಸ್ಕ್ರಿಪ್ಟು ತಂದಿರುವವರಲ್ಲಿ ಒಂದು ವಿನಂತಿ: ದಯವಿಟ್ಟು ಅದನ್ನು ಪಕ್ಕದವರ ಲ್ಯಾಪ್‌ಟಾಪಿನಲ್ಲಿ ಓಡಿಸಿ ತೋರಿಸಿ.