ಸಾಲ ಮಾಡಿ ಕಾರ್ಡ್ ತಗೊಳ್ಳೂ ಮೊದಲು

ತಂಗಡಗಿಯಿಂದ ಮಾತಾಡ್ತಿದ್ದೀನಿ. ಮೊನ್ನೆ ಒಬ್ಬ ತಮ್ಮ ಫೋನ್ ಮಾಡಿದ್ದ: "ಅಣ್ಣಾ, ಸೈಬರ್‌ಪಂಕ್ 2077 ನಿಂತ್ ನಿಂತ್ ಓಡ್ತೈತಿ. ಸಾಲ ಮಾಡಿ ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲೇನು?" ನಾನು ಬಿ.ಕಾಂ. ಓದಿದವ. ಮೊದಲು ಲೆಕ್ಕ ನೋಡೋಣ ಅಂದೆ.

2020ರ ಡಿಸೆಂಬರ್‌ನಲ್ಲಿ ಬಂದ ಈ ಆಟ ಈಗ ಕನಿಷ್ಠ ಕೇಳೋದು ಜಿಟಿಎಕ್ಸ್ 1060 ಕಾರ್ಡ್, 12 ಜಿಬಿ ರ‍್ಯಾಮ್, 70 ಜಿಬಿ ಜಾಗ, ಅದೂ ಎಸ್‌ಎಸ್‌ಡಿಯಲ್ಲಿ. ತಮ್ಮನ ಕಾರ್ಡ್ ಅದೇ, ರ‍್ಯಾಮ್ 16. ಆದರೆ ಆಟ ಇದ್ದದ್ದು ಹಳೆ ಹಾರ್ಡ್ ಡಿಸ್ಕ್‌ನಲ್ಲಿ. ಓಪನ್ ವರ್ಲ್ಡ್ ಅಂದ್ರೆ ನೀವು ಗಾಡಿ ಓಡಿಸಿದಂಗ ಮುಂದಿನ ಓಣಿ ಡಿಸ್ಕ್‌ನಿಂದ ಬರ್ತಿರಬೇಕು. ಡಿಸ್ಕ್ ನಿಧಾನ ಆದ್ರೆ ಕಾರ್ಡ್ ಎಷ್ಟು ದೊಡ್ಡದಿದ್ರೂ ಆಟ ತಡೀತದ.

ಡಿಸ್ಕ್ ಸರಿ ಇದ್ದವರು ರೆಸಲ್ಯೂಷನ್ ಇಳಿಸಿ ನೋಡ್ರಿ. ಎಫ್‌ಪಿಎಸ್ ಏರಿದ್ರೆ ಭಾರ ಕಾರ್ಡ್ ಮೇಲಿತ್ತು: ನೆರಳು, ಮಂಜು, ರಿಫ್ಲೆಕ್ಷನ್ ಇಳಿಸ್ರಿ, ಎಫ್‌ಎಸ್‌ಆರ್ ಆನ್ ಮಾಡ್ರಿ, ಅದು ಹಳೆ ಕಾರ್ಡ್‌ನಲ್ಲೂ ನಡೀತದ. ಏರದಿದ್ರೆ ಬಹುತೇಕ ಪ್ರೊಸೆಸರ್ ದಣಿದೈತಿ: ಬೀದಿಯ ಜನಸಂದಣಿ, ಅಂದ್ರೆ ಕ್ರೌಡ್ ಡೆನ್ಸಿಟಿ, ಕಡಿಮೆ ಮಾಡ್ರಿ.

ತಮ್ಮ ಎಸ್‌ಎಸ್‌ಡಿ ಹಾಕಿಸಿದ. ಆಟ ಓಡ್ತು, ಸಾಲ ಉಳೀತು. ಮುಂದಿನ ವಾರ ಸಿಗೋಣ್ರಿ.