ರಕ್ತದ ಸಾಕ್ಷಿಯನ್ನು ಇಬ್ಬರಿಂದಲೂ ಕೇಳಿರಿ

(ಕಾಪುವಿನಲ್ಲಿ ಕಾರ್ಮಿಕರ ಹಾಗೂ ಚಿಕ್ಕ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸು, ಬಾಡಿಗೆ, ತೆರಿಗೆ ಇವುಗಳ ಮಾತನ್ನೇ ಆಡುವ ಈ ವೇದಿಕೆಯಲ್ಲಿ ಇಂದು ಮನೆಯೊಳಗಿನ ಮಾತೊಂದನ್ನು ಆಡಲು ನಿಂತಿದ್ದೇವೆ. ಕೆಲವರಿಗೆ ನಾಚಿಕೆಯಾದೀತು. ಆದರೆ ಆ ನಾಚಿಕೆಗಾಗಿ ಬಡವರ ಮನೆಗಳು ತೆರುತ್ತಿರುವ ಬೆಲೆಯನ್ನು ಕಂಡ ಮೇಲೆ ಸುಮ್ಮನಿರುವುದು ತರವಲ್ಲ.

ಕಾರ್ಕಳದ ಕಡೆಯ ಒಬ್ಬ ತಂಗಿ ನಮ್ಮ ಬಳಿಗೆ ಬಂದಿದ್ದಳು. ಗೇರುಬೀಜದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಅತ್ತೆಮನೆಯವರು ಆಶ್ಲೇಷಾ ಬಲಿ ಮಾಡಿಸಿದರು. ಬಳಿಕ ಪೇಟೆಗೆ ಕರೆದೊಯ್ದು ಮೂರು ಕಡೆಗಳಲ್ಲಿ ಅವಳ ರಕ್ತ ಪರೀಕ್ಷೆ ಮಾಡಿಸಿದರು. ಕಿವಿಯ ಬೆಂಡೋಲೆ ಅಡವಿಗೆ ಹೋಯಿತು. ಕಾಗದದ ಕಟ್ಟನ್ನು ಅವಳು ಮುಂದಿಟ್ಟಾಗ ನಾವು ಕೇಳಿದ್ದು ಒಂದೇ ಪ್ರಶ್ನೆ: “ನಿನ್ನ ಗಂಡನ ಕಾಗದ ಎಲ್ಲುಂಟು ತಂಗಿ?”

“ಅವರಿಗೆ ಯಾಕೆ? ಅವರಿಗೆ ಏನೂ ತೊಂದರೆ ಇಲ್ಲವಂತೆ. ಅತ್ತೆ ಹೇಳಿದ್ದಾರೆ,” ಎಂದಳು.

ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಒಲೆಯ ಮುಂದೆ ದುಡಿಯುವವನು. ವರ್ಷಕ್ಕೆ ಇಪ್ಪತ್ತು ದಿನ ಊರಿಗೆ ಬರುತ್ತಾನೆ. ಲೆಕ್ಕ ಹಾಕಿದರೆ ಆರು ವರ್ಷದ ದಾಂಪತ್ಯದಲ್ಲಿ ಅವರು ಕೂಡಿ ಬಾಳಿದ್ದು ನಾಲ್ಕು ತಿಂಗಳು!

ನಾವು ವೈದ್ಯರಲ್ಲ. ವೈದ್ಯರಿಂದ ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇವೆ. ನಿಮ್ಮ ವೈದ್ಯರ ಮಾತೇ ಕೊನೆಯದು. ಗಂಡಹೆಂಡಿರು ಹನ್ನೆರಡು ತಿಂಗಳು ಜತೆಯಾಗಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಹೋಗಬೇಕೆಂಬುದು ವೈದ್ಯಶಾಸ್ತ್ರದ ಮಾತು. ಹೆಂಗಸಿಗೆ ಮೂವತ್ತೈದು ದಾಟಿದ್ದರೆ ಅಥವಾ ಮುಟ್ಟು ತಪ್ಪಿ ತಪ್ಪಿ ಬರುತ್ತಿದ್ದರೆ ಇನ್ನೂ ಬೇಗ ಹೋಗಬೇಕು. ಮುಂಬಯಿಗೂ ಗಲ್ಫಿಗೂ ಗಂಡಸರನ್ನು ಕಳುಹಿಸಿಕೊಟ್ಟ ನಮ್ಮ ಜಿಲ್ಲೆಯಲ್ಲಿ ಈ ಹನ್ನೆರಡು ತಿಂಗಳನ್ನು ಎಷ್ಟು ಮಂದಿ ಸರಿಯಾಗಿ ಎಣಿಸುತ್ತಾರೆ? ಅಗಲಿಕೆಯನ್ನು ರೋಗವೆಂದು ಬರೆದು, ಆ ರೋಗವನ್ನು ಹೆಂಗಸಿನ ತಲೆಗೆ ಕಟ್ಟುತ್ತಿದ್ದೇವೆ.

ಇದು ಒಂದೆರಡು ಮನೆಯ ದುಃಖವೂ ಅಲ್ಲ. ಲೋಕದಲ್ಲಿ ಆರು ಮಂದಿಯಲ್ಲಿ ಒಬ್ಬರಿಗೆ ಬಾಳಿನಲ್ಲಿ ಒಮ್ಮೆಯಾದರೂ ಈ ತೊಡಕು ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕಾರಣ ಹೆಣ್ಣಿನಲ್ಲಿರಬಹುದು, ಗಂಡಿನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಆದುದರಿಂದ ಗಂಡಸಿನ ವೀರ್ಯ ಪರೀಕ್ಷೆ ಮೊದಲಲ್ಲೇ ಆಗಬೇಕು. ಅದಕ್ಕೆ ಸೂಜಿಯಿಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಗ ಬಿಟ್ಟಿದ್ದು ಕೊಟ್ಟರಾಯಿತು. ಅದರಲ್ಲಿ ವೀರ್ಯಾಣುಗಳು ತೀರ ಕಡಿಮೆ ಕಂಡರೆ ಗಂಡಸಿನ ರಕ್ತದಲ್ಲಿ ಟೆಸ್ಟೊಸ್ಟಿರೋನ್ ಮತ್ತು ಎಫ್.ಎಸ್.ಎಚ್. ಎಂಬ ಹಾರ್ಮೋನುಗಳನ್ನು ನೋಡುತ್ತಾರೆ. ಟೆಸ್ಟೊಸ್ಟಿರೋನಿಗೆ ಬೆಳಿಗ್ಗೆಯೇ ರಕ್ತ ಕೊಡಬೇಕು. ಹೊತ್ತೇರಿದಂತೆ ಅದು ಇಳಿಯುತ್ತದೆ.

ಹಾರ್ಮೋನು ಎಂದರೆ ಮೈಯ ಗ್ರಂಥಿಗಳು ರಕ್ತಕ್ಕೆ ಬಿಡುವ ರಸ. ಅದರ ಅಳತೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ. ಇಷ್ಟು ಸೂಕ್ಷ್ಮವಾದುದನ್ನು ಅಳೆಯುವ ವಿದ್ಯೆಯನ್ನು ಕಂಡುಹಿಡಿದವರು ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಯಾಲೋ ಹೈಸ್ಕೂಲು ಕಾಣದ ತಂದೆತಾಯಿಗಳ ಮಗಳು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಸರಕಾರೀ ಆಸ್ಪತ್ರೆಯಲ್ಲಿ ದುಡಿದು, 1959-60ರಲ್ಲಿ ಈ ವಿಧಾನವನ್ನು ಅವರು ಲೋಕದ ಮುಂದಿಟ್ಟರು. ಪೇಟೆಂಟು ಪಡೆದಿದ್ದರೆ ಧನಿಕರಾಗುತ್ತಿದ್ದರು, ಪಡೆಯಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಸಾರ್ವಜನಿಕರ ಹಣದಲ್ಲಿ ಹುಟ್ಟಿ, ಸಾರ್ವಜನಿಕರಿಗೇ ಬಿಟ್ಟುಕೊಟ್ಟ ವಿದ್ಯೆಯಿದು. ಅದನ್ನು ಹಬ್ಬದ ರಿಯಾಯಿತಿಯ ಸೀರೆಯಂತೆ ‘ಪ್ಯಾಕೇಜು’ ಕಟ್ಟಿ ಮಾರುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ಹೆಂಗಸಿಗೆ ಯಾವ ಪರೀಕ್ಷೆ ಬೇಕೆಂಬುದು ಅವಳ ಮುಟ್ಟಿನ ಕ್ರಮವನ್ನು ಕೇಳಿದ ಮೇಲೆ ವೈದ್ಯರು ಹೇಳಬೇಕಾದ ಮಾತು. ಥೈರಾಯಿಡ್ ಕುಂದಿದೆಯೇ ಎಂದು ತಿಳಿಯಲು ಟಿ.ಎಸ್.ಎಚ್.; ಹಾಲಿನ ಹಾರ್ಮೋನು ಏರಿದೆಯೇ ಎಂದು ತಿಳಿಯಲು ಪ್ರೊಲಾಕ್ಟಿನ್. ಅಂಡಾಶಯದ ಸ್ಥಿತಿ ತಿಳಿಯಲು ಎಫ್.ಎಸ್.ಎಚ್. ಮತ್ತು ಎಲ್.ಎಚ್.; ಇವೆರಡನ್ನು ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನ ನೋಡುತ್ತಾರೆ. ಟಿ.ಎಸ್.ಎಚ್., ಪ್ರೊಲಾಕ್ಟಿನ್ನುಗಳನ್ನೂ ಅದೇ ದಿನ ಕೊಡಬಹುದು. ಅಂಡ ಹೊರಬಿದ್ದಿತೇ ಎಂದು ತಿಳಿಸುವುದು ಪ್ರೊಜೆಸ್ಟಿರೋನ್. ಅದಕ್ಕೆ ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ರಕ್ತ ಕೊಡಬೇಕು. ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವವಳಿಗೆ ಅದು ಇಪ್ಪತ್ತೊಂದನೆಯ ದಿನ. ಮೂವತ್ತೈದು ದಿನಕ್ಕೆ ಆಗುವವಳಿಗೆ ಇಪ್ಪತ್ತೆಂಟನೆಯ ದಿನ. ಎಲ್ಲರಿಗೂ ಇಪ್ಪತ್ತೊಂದೇ ಎಂದರೆ ರಕ್ತವೂ ದಂಡ, ದುಡ್ಡೂ ದಂಡ.

ಈ ದಿನಗಣನೆ ನಮಗೇಕೆಂದು ಕೇಳಬೇಡಿರಿ. ಒಂದು ಸಲ ರಕ್ತ ಕೊಡಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಬೀಡಿ ಕಟ್ಟುವವಳಿಗೆ ಆ ದಿನದ ಬೀಡಿ ಹೋಗುತ್ತದೆ. ಅಂಗಡಿಯವನಿಗೆ ಬಾಗಿಲು ಹಾಕಬೇಕಾಗುತ್ತದೆ. ದಿನ ತಿಳಿದು ಹೋದರೆ ಎರಡು ಸಲಕ್ಕೆ ಮುಗಿಯುವ ಕೆಲಸಕ್ಕೆ ಆರು ಸಲ ಅಲೆಯುವುದು ತಪ್ಪುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಿರಿ. ಅದು ಕೆಲವು ಪರೀಕ್ಷೆಗಳ ಅಂಕಿಯನ್ನೇ ಕೆಡಿಸುತ್ತದೆ. ಪ್ರೊಲಾಕ್ಟಿನ್ ಸ್ವಲ್ಪ ಏರಿದರೆ ಹೆದರಬೇಡಿರಿ. ಬಸ್ಸಿಳಿದು ಓಡಿಬಂದ ಆತಂಕಕ್ಕೂ ಅದು ಏರೀತು. ಸ್ವಲ್ಪ ಕುಳಿತು, ಇನ್ನೊಮ್ಮೆ ಕೊಡಿರಿ.

ಎ.ಎಂ.ಎಚ್. ಎಂಬ ಪರೀಕ್ಷೆಯ ಹೆಸರಿನಲ್ಲಿ ಹೆಚ್ಚು ಭಯ ಹುಟ್ಟಿಸಲಾಗುತ್ತಿದೆ. ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜನ್ನು ಅದು ಹೇಳುತ್ತದೆ, ಅಂಡದ ಗುಣವನ್ನಲ್ಲ. ಮಕ್ಕಳಾಗದ ತೊಂದರೆ ಹಿಂದೆ ಇಲ್ಲದ 750 ಹೆಂಗಸರನ್ನು ನೋಡಿ ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಅಂಕಿ ಕಡಿಮೆಯಿದ್ದವರಿಗೆ ಗರ್ಭ ನಿಲ್ಲುವ ಸಂಭವವೇನೂ ಕಡಿಮೆ ಕಾಣಲಿಲ್ಲ. ಕೊಳವೆ ಶಿಶುವಿನ ಚಿಕಿತ್ಸೆಯಲ್ಲಿ ಈ ಪರೀಕ್ಷೆಗೆ ಉಪಯೋಗವುಂಟು. ಮನೆ ಮುರಿಯಲು ಅದು ಆಧಾರವಲ್ಲ.

ಗಂಡಸರಿಗೆ ಇನ್ನೊಂದು ಮಾತು. ಬೇಕರಿಯ ಒಲೆ, ಬಾಯ್ಲರು, ಹಂಚಿನ ಗೂಡು ಇವುಗಳ ಮುಂದೆ ದಿನವಿಡೀ ನಿಲ್ಲುವವರ ವೀರ್ಯಾಣುಗಳಿಗೆ ಆ ಬಿಸಿಯಿಂದ ಹಾನಿಯಾಗಬಹುದು. ಬೀಡಿ ಸಿಗರೇಟಿನಿಂದಲೂ ಆಗುತ್ತದೆ. ಮೈಕಟ್ಟಿಗೆಂದು ಟೆಸ್ಟೊಸ್ಟಿರೋನ್ ಚುಚ್ಚಿಸಿಕೊಳ್ಳುವ ಹುಡುಗರಿಗೆ ವೀರ್ಯಾಣು ಹುಟ್ಟುವುದೇ ನಿಂತುಹೋಗಬಹುದು. ವಿಷದ ಮಾತಂತೂ ನಮ್ಮ ಪಕ್ಕದಲ್ಲೇ ಉಂಟು. ಕಾಸರಗೋಡಿನ ಎಣ್ಮಕಜೆಯ ಪಡ್ರೆ ನಮ್ಮ ಭಾಷೆಯ ಊರು. ಅಲ್ಲಿನ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ವರದಿ ಪ್ರಕಟಿಸಿದರು. ವಿಷ ತಗಲಿದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಟೆಸ್ಟೊಸ್ಟಿರೋನ್ ಇಳಿದಿತ್ತು, ಎಲ್.ಎಚ್. ಏರಿತ್ತು. ಊರವರು ವರ್ಷಗಟ್ಟಲೆ ಕೂಗಿ ಹೇಳಿದ್ದನ್ನು ಮಕ್ಕಳ ರಕ್ತವೂ ಹೇಳಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ರಕ್ತದ ಸಾಕ್ಷಿಗೆ ಅಷ್ಟು ಬಲವುಂಟು. ಅರ್ಧ ಸಾಕ್ಷಿಗಳನ್ನು ಕರೆಯದೆಯೇ ತೀರ್ಪು ಕೊಡುವವರು ನಾವು.

ಮಣಿಪಾಲದಲ್ಲಿ 1953ರಲ್ಲಿಯೇ ಡಾ. ಟಿ.ಎಂ.ಎ. ಪೈ ಅವರು ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆಯುಂಟು. ವಿದ್ಯೆ ನಮ್ಮ ಬಾಗಿಲಲ್ಲೇ ಇದೆ. ಇಲ್ಲದ್ದು ಬಡವರ ಕೈಯಲ್ಲಿ ದುಡ್ಡು ಮತ್ತು ಬಿಡುವು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿತು. ಮಗುವಿನ ಆಸೆ ಶ್ರೀಮಂತರ ಚಟವೇ? ಸರಕಾರೀ ಆಸ್ಪತ್ರೆಗಳಲ್ಲಿ ಈ ಮೊದಲ ಪರೀಕ್ಷೆಗಳು ಗಂಡಹೆಂಡಿರಿಬ್ಬರಿಗೂ ಧರ್ಮಾರ್ಥವಾಗಿ ದೊರೆಯಬೇಕು. ಆ ದಿನಗಳಿಗೆ ಸಂಬಳ ಸಹಿತ ರಜೆ ಕೊಡಬೇಕು. ಇದನ್ನು ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸಿರಿ.

ನಾಗಬನಕ್ಕೆ ಹಾಲೆರೆಯಬೇಡಿರಿ ಎನ್ನಲು ನಾವು ಬಂದಿಲ್ಲ. ಅದು ನಿಮ್ಮ ನಂಬಿಕೆ. ಆದರೆ ಬನಕ್ಕೆ ಜೋಡಿಯಾಗಿ ಹೋಗುವವರು ಆಸ್ಪತ್ರೆಗೂ ಜೋಡಿಯಾಗಿ ಹೋಗಿರಿ.

ಆ ಕಾರ್ಕಳದ ತಂಗಿಯ ಗಂಡ ದೀಪಾವಳಿಗೆ ಊರಿಗೆ ಬಂದಾಗ ಇಬ್ಬರೂ ಕೂಡಿ ಉಡುಪಿಗೆ ಹೋದರು. ಕಾಗದದಲ್ಲಿ ಏನು ಬಂತೆಂಬುದು ಅವರ ಮನೆಯ ಮಾತು, ನಾವು ಕೇಳಲಿಲ್ಲ. ಆದರೆ ಆ ದಿನದಿಂದ ಆ ಮನೆಯಲ್ಲಿ ಅವಳನ್ನು ‘ಬಂಜೆ’ ಎಂದು ಯಾರೂ ಕರೆದಿಲ್ಲ. ಇಲ್ಲಿ ಕುಳಿತಿರುವ ಗಂಡಸರೆಲ್ಲ ಇಂದು ಮನೆಗೆ ಹೋಗಿ, “ಮೊದಲು ನನ್ನ ಪರೀಕ್ಷೆಯಾಗಲಿ,” ಎನ್ನುವುದಾದರೆ ಈ ಸಭೆ ಸಾರ್ಥಕವಾಯಿತೆಂದು ತಿಳಿಯುತ್ತೇವೆ.