ಅಲೆಗೊಂದು ಜಗಲಿ



1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯದ ಹೆಸರು ‘ಆಕಾಶವಾಣಿ’. ಮನೆಯೊಂದು ರೇಡಿಯೊ ಅಲೆಗಳ ನೆಲೆಯಾಗುವುದು ಅಂದು ಅಚ್ಚರಿಯ ಸಂಗತಿ. ಇಂದು ನಮ್ಮ ಪಡಸಾಲೆಗಳಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತ ರೌಟರೆಂಬ ಪೆಟ್ಟಿಗೆಯೂ ಒಂದು ಪುಟ್ಟ ಬಾನುಲಿ ನಿಲಯವೇ. ಒಂದು ಕಾಲಕ್ಕೆ ರೇಡಿಯೊ ಕೇಳುವುದಕ್ಕೂ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ರೌಟರು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನಾದರೋ ಸರ್ಕಾರವು 2005ರಲ್ಲಿ ಪರವಾನಗಿಯ ಕಟ್ಟಿನಿಂದ ಬಿಡಿಸಿತು.

ನಮ್ಮ ಮನೆಗೆ ಈ ಪೆಟ್ಟಿಗೆ ಬಂದದ್ದು 2020ರಲ್ಲಿ. ಬೆಲೆಬಾಳುವ ವಸ್ತುವೆಂದು ನಾನು ಅದನ್ನು ಕೋಣೆಯ ಮೂಲೆಯಲ್ಲಿ, ಉಕ್ಕಿನ ಬೀರುವಿನ ಮರೆಯಲ್ಲಿರಿಸಿದೆ. ಅಲೆಗಳಿಗೆ ಲೋಹಕ್ಕಿಂತ ದೊಡ್ಡ ತಡೆ ಬೇರಿಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ. ನಡುಮನೆಯಲ್ಲಿ, ಆಳೆತ್ತರದ ಹಲಗೆಯ ಮೇಲೆ ತೆರವಾಗಿಟ್ಟ ಮೇಲಷ್ಟೇ ಅದು ತನ್ನ ಗುಣ ತೋರಿತು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಕೆಲಸಮಾಡುವುದರಿಂದ ಅದರ ನೆರೆಯೂ ಒಳ್ಳೆಯದಲ್ಲ. 5 ಗಿಗಾಹರ್ಟ್ಸ್ ಎಂಬ ಇನ್ನೊಂದು ಪಟ್ಟಿ ಹೆಚ್ಚು ವೇಗದ್ದು; ಆದರೆ ಗೋಡೆ ದಾಟುವಷ್ಟರಲ್ಲಿ ಬೇಗ ದಣಿಯುತ್ತದೆ. ದೂರದ ಕೋಣೆಗೆ ಮೊದಲನೆಯದು, ಹತ್ತಿರದ ಕೆಲಸಕ್ಕೆ ಎರಡನೆಯದು ಲೇಸು.

ಇನ್ನು ಬೀಗದ ಮಾತು. ಇದಕ್ಕೆ ಕೀಲಿಕೈಗಳು ಎರಡು. ಅಲೆಯನ್ನು ಬಳಸಲು ಒಂದು. ಪೆಟ್ಟಿಗೆಯ ಒಳಗಿನ ಏರ್ಪಾಡುಗಳನ್ನು ತಿದ್ದಲು ಇನ್ನೊಂದು. ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿ ಬಂದವನ್ನು ಹಾಗೆಯೇ ಉಳಿಸಿಕೊಳ್ಳುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲಲ್ಲೇ ಬಿಟ್ಟಂತೆ. ಎರಡನ್ನೂ ಬದಲಿಸಬೇಕು. ಭದ್ರತೆಯ ಬಗೆಯನ್ನು ಕೇಳಿದಾಗ ಡಬ್ಲ್ಯುಪಿಎ-2 ಅಥವಾ ಅದಕ್ಕಿಂತ ಹೊಸದಾದ ಡಬ್ಲ್ಯುಪಿಎ-3 ಎಂಬುದನ್ನು ಆರಿಸಬೇಕು. ಹೊಸ ಗುಪ್ತಪದ ಮರೆತುಹೋದರೆ ಹೆದರಬೇಕಾಗಿಲ್ಲ. ಹಿಂಬದಿಯ ರೀಸೆಟ್ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಪೆಟ್ಟಿಗೆ ತನ್ನ ಮೂಲಸ್ಥಿತಿಗೆ ಮರಳುತ್ತದೆ; ಏರ್ಪಾಡನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಅಷ್ಟೆ.

ಇಷ್ಟನ್ನೂ ಕಲಿತು ನಾನು ಹೆಮ್ಮೆಪಡುತ್ತಿದ್ದ ದಿನಗಳಲ್ಲೇ ಮಹಡಿಯ ಮೇಲಿನ ಬಾಡಿಗೆಯವರ ಮಗಳು ಬಂದು, “ತಾತ, ನಮ್ಮ ಮೊಬೈಲಿನ ಡೇಟಾ ಮುಗಿದುಹೋಗುತ್ತೆ, ಪಾಠ ಅರ್ಧಕ್ಕೇ ನಿಲ್ಲುತ್ತೆ. ನಿಮ್ಮ ವೈ-ಫೈ ಸ್ವಲ್ಪ ಕೊಡ್ತೀರಾ?” ಎಂದಳು. ಆ ವರ್ಷ ಶಾಲೆಗಳು ಮುಚ್ಚಿದ್ದವು. ನನ್ನ ಬ್ಯಾಂಕಿನ ವ್ಯವಹಾರ, ಕಾಗದಪತ್ರ ಎಲ್ಲವೂ ಅದೇ ಜಾಲದಲ್ಲಿದ್ದವು. “ನೋಡೋಣಮ್ಮ” ಎಂದು ಜಾರಿಕೊಂಡೆ. ಅವಳು ಮತ್ತೆ ಕೇಳಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತು, ಗೆಳತಿಯ ಟಿಪ್ಪಣಿಯನ್ನು ಮೊಬೈಲಿನ ಪುಟ್ಟ ಪರದೆಯಿಂದ ನೋಟುಪುಸ್ತಕಕ್ಕೆ ಇಳಿಸುತ್ತಿದ್ದುದನ್ನು ಕಂಡೆ. ಬದುಕೆಲ್ಲ ಪಾಠ ಹೇಳಿ ಅನ್ನ ಉಂಡವನು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಪೆಟ್ಟಿಗೆಯ ಏರ್ಪಾಡುಗಳನ್ನು ಹುಡುಕುತ್ತ ‘ಗೆಸ್ಟ್ ನೆಟ್‌ವರ್ಕ್’ ಎಂಬುದು ಕಣ್ಣಿಗೆ ಬಿತ್ತು. ಅತಿಥಿಗಳಿಗೆಂದೇ ಬೇರೆ ಹೆಸರು, ಬೇರೆ ಗುಪ್ತಪದ. ಅವರಿಗೆ ಅಂತರಜಾಲ ದೊರೆಯುತ್ತದೆ. ನಮ್ಮ ಗಣಕಗಳತ್ತ ದಾರಿಯಿಲ್ಲ. ನಮ್ಮ ಹಿರಿಯರು ಮನೆಗೆ ಜಗಲಿ ಕಟ್ಟಿಸುತ್ತಿದ್ದುದು ಇದೇ ವಿವೇಕದಿಂದಲ್ಲವೆ? ದಾರಿಹೋಕನಿಗೆ ನೆರಳೂ ಉಂಟು, ಒಳಮನೆಗೆ ಅಗುಳಿಯೂ ಉಂಟು. ಜಗಲಿಯೂ ನಮ್ಮ ಹೆಸರಿನದೇ ಆದ್ದರಿಂದ ಬಲ್ಲವರಿಗಷ್ಟೇ ಗುಪ್ತಪದ ಕೊಡುವುದು, ಆಗಾಗ ಅದನ್ನು ಬದಲಿಸುವುದು ಕ್ಷೇಮ.

ಚೀಟಿಯಲ್ಲಿ ಗುಪ್ತಪದ ಬರೆದುಕೊಂಡು ನಾನೇ ಮಹಡಿ ಹತ್ತಿದೆ. ಹುಡುಗಿ ಚೀಟಿ ನೋಡಿ, “ಎಷ್ಟು ಹೊತ್ತು ಬಳಸಬಹುದು, ತಾತ?” ಎಂದು ಕೇಳಿದಳು. ತಪ್ಪಿಹೋದ ಪಾಠಗಳ ಲೆಕ್ಕವನ್ನು ಅವಳು ಎತ್ತಲಿಲ್ಲ, ನಾನು ಮರೆಯಲಿಲ್ಲ. ಗೋಡೆ ದಾಟಿ ಹೋಗುವುದು ಅಲೆಯ ಸ್ವಭಾವ. ಎಷ್ಟರಮಟ್ಟಿಗೆ ದಾಟಗೊಡಬೇಕೆಂಬುದು ಮನೆಯೊಡೆಯನಿಗೆ ಬಿಟ್ಟ ಮಾತು.